ನನಗಾಗಿ ಎಳೆದ ಸುಣ್ಣದ ಗೆರೆ

ಕಾಲೇಜಿನವರು ನನಗೆ ಹಾರ ಹಾಕಿ ಶಾಲು ಹೊದಿಸಿದ್ದೂ, ಅದಾದ ಆರೇ ತಿಂಗಳಿಗೆ ಗೇಟಿನಿಂದ ಹೊರಗೆ ಕಳಿಸಿದ್ದೂ ಒಂದೇ ಕಾಲಿನ ಕಾರಣಕ್ಕೆ. ಆ ಕಾಲು ಈಗಲೂ ನನ್ನ ಬಳಿಯೇ ಇದೆ, ಐದೂ ಬೆರಳು ಸಮೇತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾಯಿಲೆಯ ಹೆಸರು ಕೇಳಿದ ಕೂಡಲೇ ಎದುರಿಗಿದ್ದವರ ಕಣ್ಣು ಮೊದಲು ನನ್ನ ಕೈಗೆ, ಆಮೇಲೆ ಕಾಲಿಗೆ ಹೋಗುತ್ತದೆ. ಎಣಿಸಿಕೊಳ್ಳಲಿ, ಇಪ್ಪತ್ತೂ ಇವೆ. ಕಾಯಿಲೆಯ ಹೆಸರು ಕುಷ್ಠ.

ಕನಿಕರ ಬೇಕೆಂದು ಇದನ್ನು ಬರೆಯುತ್ತಿಲ್ಲ. ನಾಲ್ಕು ಮಾರು ದೂರ ನಿಂತು ಕೊಟ್ಟ ಕನಿಕರ ನನಗೆ ಬೇಕಾದಷ್ಟು ಸಿಕ್ಕಿದೆ. ಎಲ್ಲೋ ಒಬ್ಬರು ಮೈಮೇಲಿನ ಮಚ್ಚೆಯೊಂದನ್ನು ತುಂಬುತೋಳಿನ ಅಂಗಿಯಲ್ಲಿ ಮುಚ್ಚಿಕೊಂಡು ಇದನ್ನು ಓದುತ್ತಿರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ. ಜೊತೆಗೆ ನನಗೆ ಸಿಟ್ಟೂ ಇದೆ. ಅದು ಇನ್ನೂ ಆರಿಲ್ಲ, ಆರಿದೆಯೆಂದು ಸುಳ್ಳು ಹೇಳುವ ವಯಸ್ಸೂ ನನ್ನದಲ್ಲ.

ನಾನು ಶಿಕಾರಿಪುರದ ಮಗ್ಗುಲ ಹಳ್ಳಿಯವನು, ಒಕ್ಕಲುತನದ ಮನೆಯವನು, ಹೆಸರು ಹಾಲೇಶಪ್ಪ. ಮೈಸೂರಿಗೆ ಓದಲು ಹೋಗಿ ಓದಿಗಿಂತ ಹೆಚ್ಚಾಗಿ ಬ್ಯಾಸ್ಕೆಟ್‌ಬಾಲ್ ಕಲಿತು ಬಂದೆ. ಮೂರು ವರ್ಷ ಅಲ್ಲಿನ ಕಾಲೇಜು ತಂಡದಲ್ಲಿ ಆಡಿದೆ. ಎತ್ತರದಲ್ಲಿ ಅಂಥವನೇನಲ್ಲ, ಕೈ ಮಾತ್ರ ಚುರುಕು. ತಿರುಗಿ ನೋಡದೆ ಪಾಸ್ ಕೊಡುತ್ತಿದ್ದೆ, ತಿರುಗಿ ನೋಡದೆ ಹಿಡಿಯುತ್ತಿದ್ದೆ. ಕನ್ನಡ ನಾಡು ಒಂದಾದ ಮರುವರ್ಷ ಶಿಕಾರಿಪುರದಲ್ಲಿ ಊರ ದೊಡ್ಡವರು ಸೇರಿ ಒಂದು ಸಣ್ಣ ಕಾಲೇಜು ತೆರೆದರು. ಈಗ ಆ ಕಾಲೇಜು ಇಲ್ಲ. ರಾಮಣ್ಣ ಮಾಸ್ತರರು ಅಲ್ಲಿ ವ್ಯಾಯಾಮ ಶಿಕ್ಷಕರು, ನಾನು ಅವರ ಕೈಕೆಳಗೆ. ಆರ್ಡರಿನಲ್ಲಿ ಸಹಾಯಕ ತರಬೇತುದಾರ ಎಂದಿತ್ತು, ಊರಿನವರು ಚೆಂಡಿನ ಮೇಷ್ಟ್ರು ಎನ್ನುತ್ತಿದ್ದರು. ಬೆಳಿಗ್ಗೆ ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸುವುದು, ಸೈಕಲ್ ಪಂಪಿನಿಂದ ಚೆಂಡಿಗೆ ಗಾಳಿ ತುಂಬುವುದು, ಕಮ್ಮಾರ ಮಾಡಿಕೊಟ್ಟ ರಿಂಗು ಸಡಿಲವಾದರೆ ಏಣಿ ಹತ್ತಿ ಬಿಗಿಯುವುದು, ಎಲ್ಲಾ ನನ್ನ ಕೆಲಸ. ಬೇಸರವೇ ಇರಲಿಲ್ಲ. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಮೊದಲ ವರ್ಷದ ಕೊನೆಗೆ ಶಿವಮೊಗ್ಗದಿಂದ ಒಂದು ತಂಡ ಬಂದು ಸ್ನೇಹದ ಪಂದ್ಯ ಆಡಿತು. ಮೇಷ್ಟ್ರುಗಳೂ ಇಳಿಯಬಹುದು ಎಂದಾಗಿತ್ತು. ನನ್ನ ಕ್ಯಾನ್ವಾಸ್ ಬೂಟಿನ ಅಟ್ಟೆ ಕಿತ್ತುಹೋಗಿದ್ದರಿಂದ ಬರಿಗಾಲಲ್ಲೇ ಇಳಿದೆ. ಮೈದಾನದ ಪಕ್ಕದಲ್ಲಿ ಎತ್ತಿಗೆ ಲಾಳ ಕಟ್ಟುವ ಜಾಗವಿತ್ತು. ಅಲ್ಲಿಂದ ಹೇಗೋ ಬಂದು ಬಿದ್ದಿದ್ದ ಲಾಳದ ಮೊಳೆಯೊಂದು ನನ್ನ ಎಡಗಾಲಿಗೆ ಹೊಕ್ಕಿತು. ಹೊಕ್ಕಿದ್ದು ನನಗೆ ಗೊತ್ತಾಗಲಿಲ್ಲ. ಅರ್ಧ ಆಟ ಹಾಗೆಯೇ ಓಡಾಡಿದೆ. ನೆಲದ ಮೇಲೆ ಕೆಂಪು ಹೆಜ್ಜೆ ಬೀಳುವುದನ್ನು ಕಂಡು ಎದುರು ತಂಡದವನೇ ಆಟ ನಿಲ್ಲಿಸಿದ. ನಾನು ಕಾಲೆತ್ತಿ ನೋಡಿ, ಮೊಳೆ ಕಿತ್ತು ಬಿಸಾಕಿ, ನಡೀಲಿ ಎಂದೆ. ಜನ ಚಪ್ಪಾಳೆ ತಟ್ಟಿದರು. ಎರಡು ಪಾಯಿಂಟಿನಿಂದ ಗೆದ್ದೆವು.

ಮರುವಾರ ಪ್ರಾರ್ಥನೆಯ ಹೊತ್ತಿಗೆ ಇಡೀ ಕಾಲೇಜಿನ ಮುಂದೆ ನನ್ನನ್ನು ನಿಲ್ಲಿಸಿದರು. ಆಡಳಿತ ಮಂಡಳಿಯ ಅಧ್ಯಕ್ಷರು ಶಾಲು ಹೊದಿಸಿದರು. ರಾಮಣ್ಣ ಮಾಸ್ತರರು ಭಾಷಣ ಮಾಡಿದರು.

"ನೋಡ್ರಿ ಹುಡುಗ್ರಾ, ಮೊಳಿ ನೆಟ್ರೂ ನಮ್ಮ ಹಾಲೇಶಪ್ಪ ಹಾ ಅನ್ಲಿಲ್ಲ. ಗಂಡಸ್ತನ ಅಂದ್ರ ಇದು. ನೋವು ಅನ್ನೋದು ಮನಸ್ಸಿನಾಗ ಇರ್ತೈತಿ, ಕಾಲಾಗಲ್ಲ."

ಓದಿದವರು, ಪದವಿ ಪಡೆದವರು, ವಿಜ್ಞಾನ ಕಲಿಸುವವರು ಅಲ್ಲಿದ್ದರು. ಒಬ್ಬರಿಗಾದರೂ ಹೊಳೆಯಬೇಡವೇ? ಲಾಳ ಕಟ್ಟುವಾಗ ಮೊಳೆ ತಪ್ಪಿ ಮಾಂಸಕ್ಕೆ ಹೊಕ್ಕರೆ ಎತ್ತು ಒದೆಯುತ್ತದೆ. ಒದೆಯದಿದ್ದರೆ ಲಾಳದವನು ಕೆಲಸ ನಿಲ್ಲಿಸಿ, ಇದಕ್ಕೇನಾಗಿದೆ ಎಂದು ಕಾಲು ಹಿಡಿದು ನೋಡುತ್ತಾನೆ. ಎತ್ತಿಗೆ ಸಿಗುವ ಆ ವಿಚಾರಣೆ ನನಗೆ ಸಿಗಲಿಲ್ಲ. ಶಾಲು ಸಿಕ್ಕಿತು.

ನಾನೇನು ಕಡಿಮೆಯವನಲ್ಲ. ನಾನೂ ಉಬ್ಬಿಹೋದೆ. ತಂಡದ ನಾಯಕ ಬಸವರಾಜ ಕಾಲು ಉಳುಕಿದೆ, ಎರಡು ದಿನ ಬಿಡುವು ಕೊಡ್ರಿ ಎಂದು ಕೇಳಿದಾಗ, ಮೊಳೆಯ ಕಥೆ ಹೇಳಿ ಅವನನ್ನು ಓಡಿಸಿದೆ. ಅವನು ತಿಂಗಳುಗಟ್ಟಲೆ ಕುಂಟಿದ. ನನ್ನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಎಂದು ಇಲ್ಲಿ ಬರೆದಿಡುತ್ತೇನೆ.

ಆ ಗಾಯ ಮಾಯಲೇ ಇಲ್ಲ. ಅದರ ಜೊತೆಗೆ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಮೋಸ ಮಾಡತೊಡಗಿದವು. ಚೆಂಡು ಕೈಗೆ ಬಂದಿದೆ ಎಂದು ಕಣ್ಣು ಹೇಳುತ್ತಿತ್ತು, ಬೆರಳು ಇಲ್ಲ ಎನ್ನುತ್ತಿತ್ತು. ಸುಲಭದ ಪಾಸ್ ಕೈಚೆಲ್ಲಿದಾಗ ಹುಡುಗರು ನಕ್ಕರು, ನಾನೂ ನಕ್ಕೆ. ಊರಿನ ವೈದ್ಯರೊಬ್ಬರು ನರದ ದೌರ್ಬಲ್ಯ ಎಂದು ಟಾನಿಕ್ ಕೊಟ್ಟರು. ಸಿಹಿಯಾಗಿತ್ತು, ಎರಡು ಬಾಟಲಿ ಕುಡಿದೆ.

ಕಾಯಿಲೆಯನ್ನು ಪತ್ತೆ ಹಚ್ಚಿದ್ದು ನನ್ನ ಹೆಂಡತಿ ಗಿರಿಜೆ. ಒಂದು ಬೆಳಿಗ್ಗೆ ಒಲೆಯಿಂದ ಇಳಿಸಿದ ಹಿತ್ತಾಳೆ ಲೋಟವನ್ನು ನಾನು ಹಾಗೇ ಕೈಯಲ್ಲಿ ಹಿಡಿದು ಪೇಪರು ಓದುತ್ತ ಕೂತಿದ್ದೆ.

"ರೀ, ಲೋಟ ಸುಡವಲ್ದೇನ್ರೀ?" ಎಂದಳು.

ಇಲ್ಲವಲ್ಲ ಎಂದೆ. ಅವಳು ಲೋಟ ಕಿತ್ತುಕೊಂಡು, ತಾನೇ ಚುರ್ರೆಂದು ಕೈ ಸುಟ್ಟುಕೊಂಡು ಕೆಳಗಿಟ್ಟಳು. ನನ್ನ ಎರಡು ಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಅವಳು ನನ್ನ ಅಂಗಿಯ ತೋಳು ಸರಿಸಿದಳು. ಮೊಣಕೈಯ ಮೇಲೆ ರೂಪಾಯಿ ಅಗಲದ ತಿಳಿ ಬಣ್ಣದ ಮಚ್ಚೆಯಿತ್ತು. ಎಣ್ಣೆ ಹಚ್ಚುವಾಗ ಅವಳು ಅದನ್ನು ಎರಡು ಸಲ ನೋಡಿದ್ದಳಂತೆ, ಹೇಳಲು ಹೆದರಿದ್ದಳಂತೆ.

"ಸೊರಬದಾಗ ಸಂತಿ ದಿನ ಚರ್ಮದ ಡಾಕ್ಟರು ಬರ್ತಾರಂತ. ನಡ್ರಿ ಹೋಗೋಣು."

"ಇಲ್ಲೇ ತೋರಿಸಿದ್ರಾತು ಬಿಡು."

"ಇಲ್ಲಿ ಬ್ಯಾಡ್ರಿ," ಎಂದಳು ಗಿರಿಜೆ. ಅವಳ ದನಿ ಕೇಳಿ ನಾನು ಮತ್ತೆ ವಾದ ಮಾಡಲಿಲ್ಲ.

ಸೊರಬದಲ್ಲಿ ಆ ಡಾಕ್ಟರು ಕೂರುತ್ತಿದ್ದದ್ದು ಸಂತೆಯ ಹಿಂದಿನ ಒಂದು ಹೆಂಚಿನ ಕಟ್ಟಡದಲ್ಲಿ. ಬೋರ್ಡು ಇರಲಿಲ್ಲ. ಹೊರಗಿನ ಜಗಲಿಯ ಮೇಲೆ ಇಪ್ಪತ್ತು ಮೂವತ್ತು ಜನ, ಎಲ್ಲರ ಕೈಯಲ್ಲೂ ಸಂತೆಯ ಚೀಲ, ಎಲ್ಲರ ಮುಖವೂ ಗೋಡೆಯ ಕಡೆ. ಚೀಲ ಯಾಕೆಂದು ಆಮೇಲೆ ತಿಳಿಯಿತು. ಯಾರಾದರೂ ಕಂಡರೆ ಸಂತೆಗೆ ಬಂದಿದ್ದೆ ಎನ್ನಬೇಕು, ಹಾಗೆನ್ನಲು ಚೀಲದಲ್ಲಿ ಏನಾದರೂ ಇರಬೇಕು. ಆ ಜಗಲಿಗೆ ಹತ್ತಿರ ಕೂರುತ್ತಿದ್ದವಳು ಬದನೆಕಾಯಿ ಮಾರುವವಳು. ಹಾಗಾಗಿ ಸೊರಬ, ಶಿಕಾರಿಪುರ ಎರಡೂ ಕಡೆಯ ಕುಷ್ಠರೋಗಿಗಳ ಮನೆಯಲ್ಲಿ ಆ ಕಾಲದಲ್ಲಿ ವಾರವಾರವೂ ಬದನೆಕಾಯಿ ಪಲ್ಯ. ನಾವೂ ಒಂದೂವರೆ ವರ್ಷ ತಿಂದೆವು. ಯಾವ ತಪ್ಪನ್ನೂ ಮಾಡದ ಮೂವತ್ತು ಜನ ಕಳ್ಳರ ಹಾಗೆ ಗೋಡೆ ನೋಡಿಕೊಂಡು ನಿಲ್ಲಬೇಕಾಗಿತ್ತಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನೂ ಗೋಡೆಗೆ ಮುಖ ಮಾಡಿದೆ. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿಯೊಬ್ಬಳು ನನ್ನ ಧೋತರದ ಅಂಚು ಎಳೆದಳು. ಗುಡವಿ ಕಡೆಯ ನಾಗಮ್ಮ ಎಂದು ಆಮೇಲೆ ಗೊತ್ತಾಯಿತು.

"ಕೂತ್ಕಳಿ ಮಾರಾಯ್ರೆ. ಗೋಡೆ ನೋಡಿದ್ರೆ ಎಂತ ಸಿಗ್ತದೆ? ನಾ ಮೂರು ವರ್ಷದಿಂದ ಬರ್ತಾ ಇದೀನಿ. ಗೋಡೆಗೆ ಸುಣ್ಣ ಕೂಡ ಬಳಿದಿಲ್ಲ ಇವ್ರು."

ಗಿರಿಜೆ ನಕ್ಕುಬಿಟ್ಟಳು. ಆ ನಗುವಿನಿಂದ ನನಗೆ ಕೂರುವ ಧೈರ್ಯ ಬಂತು. ತಾನು ಅಷ್ಟು ದೊಡ್ಡ ಉಪಕಾರ ಮಾಡಿದ್ದು ನಾಗಮ್ಮನಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ನನಗಿಂತ ಚಿಕ್ಕವರು. ಕಣ್ಣು ಮುಚ್ಚಿಕೊಳ್ಳಿ, ನಾನು ಮುಟ್ಟಿದಾಗಲೆಲ್ಲ ಹೂಂ ಅನ್ನಿ ಎಂದರು. ನಾನು ಕಣ್ಣು ಮುಚ್ಚಿ ಕಾದೆ. ಹೊರಗೆ ಯಾರೋ ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತಿದ್ದರು. ಕಾದು ಕಾದು ಸಾಕಾಗಿ, "ಶುರು ಮಾಡ್ರಿ ಡಾಕ್ಟ್ರೇ" ಎಂದೆ.

"ಮುಗೀತು," ಎಂದರು ಅವರು.

ಕಣ್ಣು ಬಿಟ್ಟಾಗ ಗಿರಿಜೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೆರಳಿಗೆ, ಮೊಣಕೈಗೆ, ಪಾದಕ್ಕೆ ಅವರು ಸೂಜಿ ತಾಗಿಸಿದ್ದನ್ನೆಲ್ಲ ಅವಳು ನೋಡಿದ್ದಳು. ಆ ಹೊತ್ತು ನನಗಾದ ಭಯವನ್ನು ಹೇಗೆ ಹೇಳಲಿ? ನನ್ನ ದೇಹದಲ್ಲೇ ಒಬ್ಬರು ಓಡಾಡಿ ಹೋಗಿದ್ದರು, ಮನೆಯವನಾದ ನನಗೆ ಸುದ್ದಿಯಿರಲಿಲ್ಲ.

ಡಾಕ್ಟರು ಕಾಯಿಲೆಯ ಹೆಸರನ್ನು ಮುಚ್ಚಿ ಮರೆಸಿ ಹೇಳಲಿಲ್ಲ. ಹೇಳುವಾಗ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಇದು ವಾಸಿಯಾಗ್ತದೆ. ವರ್ಷಗಟ್ಟಲೆ ಮಾತ್ರೆ ನುಂಗಬೇಕು. ಬೇಜಾರಾಯ್ತು ಅಂತ ಬಿಡಬಾರದು. ಈ ಕಾಲಿನ ಗಾಯ ಯಾವಾಗಿನದು?"

"ಆರು ತಿಂಗಳಾತ್ರಿ. ಮೊಳಿ ಹೊಕ್ಕಿತ್ತು."

"ಆಗ ನೋಯಲಿಲ್ವಾ?"

"ಇಲ್ರಿ. ಸನ್ಮಾನ ಮಾಡಿದ್ರು."

ಅವರು ನಗಲಿಲ್ಲ. "ನೋವು ಆಗಿದ್ರೆ ನೀವು ಆವತ್ತೇ ಯಾರಿಗಾದರೂ ತೋರಿಸ್ತಿದ್ರಿ," ಎಂದಷ್ಟೇ ಹೇಳಿ ಗಾಯ ತೊಳೆಯಲು ಕೂತರು.

ಮನೆಗೆ ಬಂದವಳೇ ಗಿರಿಜೆ ನಮ್ಮ ಮೂರು ವರ್ಷದ ಮಗಳ ಚಾಪೆಯನ್ನು ನನ್ನ ಪಕ್ಕದಿಂದ ತೆಗೆದು ಆಚೆ ಕೋಣೆಗೆ ಒಯ್ದಳು. ನನಗೆ ತಡೆಯಲಾಗದ ಸಿಟ್ಟು ಬಂತು. ನೀನೂ ಹೀಗೆಯೇ ಎಂದೆ.

"ಸಿಟ್ಟಾಗಬ್ಯಾಡ್ರಿ. ನನಗ ಅಂಜಿಕಿ ಐತಿ. ಇಲ್ಲ ಅಂತ ಸುಳ್ಳ್ಯಾಕ ಹೇಳ್ಲಿ? ಅಂಜಿಕಿ ಹೋದ ದಿನ ನಾನ ತಂದು ಹಾಕ್ತೀನಿ."

ಊರ ತುಂಬ ಜನ ಹೆದರಿದರು, ಹೆದರಿಕೆ ಎಂದು ಒಪ್ಪಿಕೊಂಡವಳು ಇವಳೊಬ್ಬಳೇ. ಹಳ್ಳಿಯಲ್ಲಿದ್ದ ನಮ್ಮಣ್ಣ, ಹಬ್ಬಕ್ಕೆ ಬರುವುದು ಬೇಡ, ಬಸ್ಸಿನಲ್ಲಿ ದಣಿವಾಗುತ್ತದೆ ಎಂದು ಹೇಳಿಕಳಿಸಿದ. ಎಂಟು ಮೈಲಿ ದಾರಿಗೆ ದಣಿವಂತೆ. ಗಿರಿಜೆ ನಾಲ್ಕನೆಯ ತಿಂಗಳು ತಾನೇ ಡಾಕ್ಟರನ್ನು ಹಿಡಿದು ಒಂದು ಗಂಟೆ ಪ್ರಶ್ನೆ ಕೇಳಿದಳು. ಅವತ್ತು ಸಂಜೆ ಮಗಳ ಚಾಪೆ ನನ್ನ ಪಕ್ಕಕ್ಕೆ ಬಂತು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಸೊರಬದಿಂದ ಬಂದ ಮರುದಿನವೇ ನಾನು ರಾಮಣ್ಣ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ನನ್ನನ್ನು ಕೆಲಸಕ್ಕೆ ಸೇರಿಸಿದವರು, ಅಣ್ಣನ ಹಾಗಿದ್ದವರು. ಅವರು ಮೈದಾನದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದರು. ಕೇಳುತ್ತ ಕೇಳುತ್ತ ಸ್ವಲ್ಪ ಸ್ವಲ್ಪವೇ ಸರಿದು ಕಟ್ಟೆಯ ಆ ತುದಿ ಸೇರಿದರು.

"ನಾ ಯಾರ ಮುಂದನೂ ಬಾಯಿ ಬಿಡಂಗಿಲ್ಲ. ನೀವು ಚಿಂತಿ ಮಾಡಬ್ಯಾಡ್ರಿ," ಎಂದರು.

ಮಾರನೆಯ ಬೆಳಿಗ್ಗೆ ಗೇಟಿನಲ್ಲೇ ಜವಾನ ಕಾಗದ ಕೊಟ್ಟ. ಆರೋಗ್ಯದ ದೃಷ್ಟಿಯಿಂದ ಮುಂದಿನ ಆದೇಶದವರೆಗೆ ಬರತಕ್ಕದ್ದಲ್ಲ ಎಂದಿತ್ತು. ಯಾರ ಆರೋಗ್ಯ ಎಂದು ಬರೆದಿರಲಿಲ್ಲ. ನಾನು ಮುಟ್ಟಿದ್ದ ಚೆಂಡನ್ನು ಬಕೆಟ್ಟಿನಲ್ಲಿ ಫಿನಾಯಿಲ್ ಹಾಕಿ ರಾತ್ರಿಯೆಲ್ಲ ನೆನೆಸಿಟ್ಟರಂತೆ. ಚರ್ಮದ ಚೆಂಡು! ಉಬ್ಬಿ, ಹೊಲಿಗೆ ಬಿಟ್ಟು ಕುಂಬಳಕಾಯಿಯಂತಾಯಿತಂತೆ. ಕಾಲೇಜಿನಲ್ಲಿದ್ದ ಒಳ್ಳೆಯ ಚೆಂಡು ಅದೊಂದೇ. ನನ್ನನ್ನು ಕಳಿಸಿದ್ದಕ್ಕಿಂತ ಆ ಚೆಂಡಿಗೆ ಮಾಡಿದ ಕೆಲಸ ಕೇಳಿ ನನಗೆ ಹೆಚ್ಚು ಕೆಟ್ಟದೆನಿಸಿತು ಎಂದರೆ ಆಟ ಆಡದವರಿಗೆ ಅರ್ಥವಾಗುವುದಿಲ್ಲ.

ಒಂದೂವರೆ ವರ್ಷ ಹತ್ತಿರದ ಹಳ್ಳಿಯೊಂದರ ಶಾನುಭೋಗರ ಬಳಿ ಕಾಗದಪತ್ರಗಳ ನಕಲು ಬರೆದುಕೊಂಡಿದ್ದೆ. ಪುಣ್ಯಾತ್ಮರು, ನಿನ್ನ ಅಕ್ಷರ ದುಂಡಗಿದೆ, ಉಳಿದದ್ದು ನನಗೆ ಬೇಡ ಎಂದಿದ್ದರು. ಮಾತ್ರೆಯಿಂದ ಕೆಲವು ದಿನ ಜ್ವರ ಬಂತು, ರಕ್ತ ತಗ್ಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ಬಿಡಲಿಲ್ಲ. ದಿನಾ ಬೆಳಗಾಗೆದ್ದು ಅಂಗೈ ಅಂಗಾಲು ನೋಡಿಕೊಳ್ಳುವುದನ್ನು ನಾಗಮ್ಮ ಕಲಿಸಿದಳು. "ನಮ್ಗೆ ನೋವು ಬಂದು ಹೇಳಲ್ಲ. ನಾವೇ ಹೋಗಿ ಕೇಳ್ಬೇಕು," ಎನ್ನುತ್ತಿದ್ದಳು. ನೀವೂ ಕೇಳಿ. ಒಂದು ದಿನವೂ ತಪ್ಪಿಸಬೇಡಿ.

ನನ್ನ ಗಾಯ ಮಾಯಿತು. ಬೆರಳಿನ ಸ್ಪರ್ಶ ತಿರುಗಿ ಬರಲಿಲ್ಲ, ಆದರೆ ಬೆರಳು ಸೊಟ್ಟಗಾಗಲೂ ಇಲ್ಲ. ಇವರಿಂದ ಯಾರಿಗೂ ಅಂಟುವುದಿಲ್ಲ, ಕೆಲಸಕ್ಕೆ ತಕ್ಕವರಿದ್ದಾರೆ ಎಂದು ಡಾಕ್ಟರು ಸಹಿ ಮಾಡಿ ಕೊಟ್ಟರು. ಅದೇ ಹೊತ್ತಿಗೆ ಬಸವರಾಜನೂ ಉಳಿದ ಆಟಗಾರರೂ ನನ್ನನ್ನು ಮತ್ತೆ ಕರೆಸಬೇಕೆಂದು ಅರ್ಜಿ ಬರೆದಿದ್ದರು. ಆಡಿದ ಪಂದ್ಯಗಳನ್ನೆಲ್ಲ ಸೋತಿದ್ದರು. ನಾನು ಕುಂಟಿಸಿದ ಹುಡುಗನೇ ನನ್ನ ಪರವಾಗಿ ಮೊದಲ ಸಹಿ ಹಾಕಿದ್ದ.

ಅಧ್ಯಕ್ಷರ ಮುಂದೆ ಹೋಗಿ ಡಾಕ್ಟರ ಕಾಗದ ಚಾಚಿದೆ. "ಅಲ್ಲೇ ಕಿಟಕಿ ಮ್ಯಾಲಿಡ್ರಿ," ಎಂದರು. ಹಿಂದೆ ಇದೇ ಕೈ ನನಗೆ ಶಾಲು ಹೊದಿಸಿತ್ತು. ನಾನು ಕಾಗದ ಇಡಲಿಲ್ಲ, ನಿಂತಲ್ಲೇ ಗಟ್ಟಿಯಾಗಿ ಓದಿದೆ. ಅವರು ಫ್ಯಾನಿನ ಕಡೆ ನೋಡುತ್ತ ಕೇಳಿಸಿಕೊಂಡು, ಹುಡುಗರು ಹಟ ಹಿಡಿದಿದ್ದಾರೆಂದು ನನ್ನನ್ನು ಮತ್ತೆ ತೆಗೆದುಕೊಳ್ಳಲು ಒಪ್ಪಿಕೊಂಡರು. ಒಂದೇ ಕರಾರು. ಅಂಕಣದೊಳಗೆ ಕಾಲಿಡಬಾರದು, ಚೆಂಡು ಮುಟ್ಟಬಾರದು, ಹೊರಗೆ ನಿಂತು ಬಾಯಲ್ಲಿ ಕಲಿಸಬೇಕು.

"ನಿಮ್ಮ ಒಳ್ಳೇದಕ್ಕ ಹೇಳೋದ್ರಿ," ಎಂದರು.

ಅಡುಗೆಯವನನ್ನು ಕರೆಸಿ ಸೌಟು ಮುಟ್ಟಬೇಡ ಎನ್ನುವವರು ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತಾರೆ. ಇವರು ಮಾತ್ರ ಉದಾರಿಗಳಾದರು. ನನಗೆ ಕೆಲಸ ಬೇಕಿತ್ತು, ಆ ಮೈದಾನ ಬೇಕಿತ್ತು. ಒಪ್ಪಿಕೊಂಡು ಬಂದೆ. ಮೈದಾನದಲ್ಲಿ ಜವಾನ ಆಗಲೇ ಸುಣ್ಣ ಕಲಸುತ್ತಿದ್ದ. ಅಂಕಣದ ಪಕ್ಕದ ಗೆರೆಯಿಂದ ಎರಡು ಹೆಜ್ಜೆ ಹೊರಗೆ, ನಾನು ದಾಟಬಾರದ ಇನ್ನೊಂದು ಗೆರೆ ಎಳೆದ. ಯಾವ ಆಟದ ಯಾವ ಪುಸ್ತಕದಲ್ಲೂ ಇಲ್ಲದ ಗೆರೆ. ಹದಿನೈದು ದಿನ ನಾನು ಅದರ ಆಚೆ ನಿಂತು ಕೂಗಿದೆ. ಹೊಸ ಹುಡುಗರಿಗೆ ಚೆಂಡು ಹಿಡಿಯುವ ರೀತಿಯನ್ನು ಖಾಲಿ ಕೈಯಲ್ಲಿ ತೋರಿಸಿದೆ. ಸಂಜೆ ಮನೆಗೆ ಹೋಗುವಾಗ ಗಂಟಲು ಕಟ್ಟಿರುತ್ತಿತ್ತು. ಇದೂ ಒಂದು ಬಗೆಯ ಕಾಯಿಲೆಯೇ, ಇದಕ್ಕೆ ಸೊರಬದಲ್ಲಿ ಮಾತ್ರೆ ಇರಲಿಲ್ಲ.

ಆಟಗಾರರು ಎಂಟೇ ಜನ. ಹತ್ತು ತುಂಬಿಸಲೆಂದು ಮೊದಲೆಲ್ಲ ಅಭ್ಯಾಸದ ಆಟದಲ್ಲಿ ಒಂದು ಕಡೆಗೆ ಮಾಸ್ತರರು, ಇನ್ನೊಂದು ಕಡೆಗೆ ನಾನು ಸೇರಿಕೊಳ್ಳುತ್ತಿದ್ದೆವು. ಇಬ್ಬರ ಕೊರಳಲ್ಲೂ ಸೀಟಿ, ಒಬ್ಬರು ತಪ್ಪು ಮಾಡಿದರೆ ಇನ್ನೊಬ್ಬರು ಊದಬೇಕು. ಈಗ ಮಾಸ್ತರರ ಕಡೆ ಐದು ಜನ, ನನ್ನ ಕಡೆ ನಾಲ್ವರು. ಒಂದು ಸಂಜೆ ನನ್ನ ಕಡೆಯ ಬಸವರಾಜನ ಪಾಸು ತಪ್ಪಿ ಚೆಂಡು ಅಂಕಣದ ಅಂಚಿಗೆ ಉರುಳಿ ಬಂತು. ನಾನು ಯೋಚಿಸಲಿಲ್ಲ, ಬಗ್ಗಿ ಕೈ ಚಾಚಿದೆ. ಮಾಸ್ತರರು ಓಡಿ ಬಂದರು. ಕೈ ಹಾಕಿದರೆ ನನ್ನ ಕೈ ತಾಗೀತೆಂದು, ಕಾಲಿನಿಂದ ಚೆಂಡನ್ನು ಒದ್ದು ಆಚೆ ಕಳಿಸಿದರು.

ನಾನು ಸೀಟಿ ಊದಿದೆ.

ಎಲ್ಲರೂ ನಿಂತರು. ಮಾಸ್ತರರು ತಿರುಗಿ ನೋಡಿ, "ಏನ್ರೀ?" ಎಂದರು.

"ಚೆಂಡಿಗೆ ಕಾಲು ಹಚ್ಚಿದ್ರಿ ಮಾಸ್ತರ. ಬೇಕಂತ ಹಚ್ಚಿದ್ರಿ. ಚೆಂಡು ನಮ್ಮ ಕಡೀದು."

"ಹಾಲೇಶಪ್ಪ, ಸುಮ್ನಿರ್ರಿ."

"ಸುಮ್ನ ಹ್ಯಾಂಗಿರ್ಲಿ? ನಾವು ಇವ್ರಿಗೆ ಆಟ ಕಲಸ್ತೀವಿ. ಗೆರಿಯಿಂದ ಎಸೆಯೋನು ನಾನು. ಕೊಡ್ರಿ."

ಸುಣ್ಣದ ಆ ಗೆರೆಯನ್ನು ದಾಟಿ, ಆಟದ ಗೆರೆಯ ಅಂಚಿಗೆ ಬಂದು ಎರಡೂ ಕೈ ಚಾಚಿ ನಿಂತೆ. ಕೆಲಸ ಹೋಯಿತೆಂದೇ ಅಂದುಕೊಂಡೆ. ಬಸವರಾಜ ಹೋಗಿ ಚೆಂಡು ಎತ್ತಿಕೊಂಡು ಬಂದ. ಅವನು ನನಗೆ ಕೊಡಬಹುದಿತ್ತು, ಕೊಡಲಿಲ್ಲ. ಮಾಸ್ತರರ ಕೈಗಿಟ್ಟು, "ನೀವ ಕೊಡಬೇಕ್ರಿ ಸರ್," ಎಂದ.

ಮಾಸ್ತರರು ಚೆಂಡು ನೋಡಿದರು, ಅಧ್ಯಕ್ಷರ ಕೋಣೆಯ ಕಿಟಕಿ ನೋಡಿದರು, ಹುಡುಗರನ್ನು ನೋಡಿದರು. ಆಮೇಲೆ ನಾಲ್ಕು ಹೆಜ್ಜೆ ನಡೆದು ಬಂದು ಚೆಂಡನ್ನು ನನ್ನ ಕೈಯಲ್ಲಿಟ್ಟರು. ಅವರ ಬೆರಳುಗಳು ನನ್ನ ಬೆರಳಿಗೆ ತಾಗಿದವು.

"ತಗೋರಿ," ಎಂದರು.

ಗೆರೆಯಿಂದ ಎಸೆಯುವವನು ಐದು ಸೆಕೆಂಡಿನೊಳಗೆ ಚೆಂಡು ಬಿಡಬೇಕು. ಬಿಡದಿದ್ದರೆ ಅದು ತಪ್ಪು, ಚೆಂಡು ಎದುರಿನವರ ಪಾಲು. ಆಟ ಕಲಿಸುವ ನನಗೆ ಅದು ಚೆನ್ನಾಗಿ ಗೊತ್ತು. ನಾನು ಅದಕ್ಕಿಂತ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದೆ. ಮಾಸ್ತರರ ಕೊರಳಲ್ಲಿ ಸೀಟಿ ಇತ್ತು. ಅವರು ಊದಲಿಲ್ಲ.